ಫಾರ್ಮ್ಯಾಟ್ ಬೇಡವೆಂದ ಹೊಳಿಯವ್ವ

ಹೊಳಿಯವ್ವನ ಮನೆಯ ಫೋನ್ ನಂಬರು ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಈ ಮೂರೂ ಊರಿನ ದವಾಖಾನೆಗಳ ಗೋಡೆಯ ಮೇಲಿತ್ತು. ಬೋರ್ಡು ಬರೆಸಿ ಹಾಕಿದ್ದಲ್ಲ, ನರ್ಸುಗಳು ಫೋನಿನ ಪಕ್ಕದ ಗೋಡೆಗೆ ಪೆನ್ನಿನಲ್ಲಿ ಗೀಚಿಕೊಂಡದ್ದು. ಸುಣ್ಣ ಬಳಿದಾಗ ಅಳಿಸಿಹೋಗುತ್ತಿತ್ತು, ವಾರದೊಳಗೆ ಮತ್ತೆ ಯಾರೋ ಬರೆಯುತ್ತಿದ್ದರು. ನಂಬರಿನ ಮುಂದೆ ಎರಡೇ ಮಾತು: ರಕ್ತ, ಹೊಳಿಯಕ್ಕ.

ಯಾವ ಗುಂಪಿನ ರಕ್ತ ಬೇಕು, ಎಷ್ಟು ಬಾಟಲಿ, ಎಲ್ಲಿಗೆ ಎಂದು ಹೇಳಿದರೆ ಸಾಕು. ಆ ಗುಂಪಿನವರು ಯಾರಿದ್ದಾರೆ, ಹಿಂದೆ ಯಾವಾಗ ಕೊಟ್ಟಿದ್ದರು, ಈಗ ಕೊಡಬಹುದೋ ಇಲ್ಲವೋ ಎಂಬುದನ್ನು ಆಕೆ ತನ್ನ ಪಟ್ಟಿಯಲ್ಲಿ ನೋಡುತ್ತಿದ್ದಳು. ಹೆಸರು ಹೇಳಿ ಕೈತೊಳೆದುಕೊಳ್ಳುವ ಜಾತಿಯವಳಲ್ಲ. ತಾನೇ ಅವರಿಗೆ ಫೋನ್ ಹಚ್ಚಿ, ಅವರು ಮನೆ ಬಿಟ್ಟು ಹೊರಟರೆಂದು ಖಾತ್ರಿಯಾದ ಮೇಲೆಯೇ ರಿಸೀವರ್ ಇಡುತ್ತಿದ್ದಳು. ಇದಕ್ಕೊಂದು ಸಂಘವಿರಲಿಲ್ಲ, ಅಧ್ಯಕ್ಷರಿರಲಿಲ್ಲ, ರಬ್ಬರ್ ಸ್ಟಾಂಪೂ ಇರಲಿಲ್ಲ. ಸ್ಟೇಶನ್ ರಸ್ತೆಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಮನೆ, ಒಂದು ಫೋನು, ಅರವತ್ತೊಂದು ವರ್ಷದ ಒಬ್ಬ ಹೆಂಗಸು, ಅಷ್ಟೇ.

ಆಕೆ ಹುಟ್ಟಿದ್ದು ಮೇಡ್ಲೇರಿಯಲ್ಲಿ. ತುಂಗಭದ್ರೆ ದಡ ಮೀರಿದ ವರ್ಷ ಹುಟ್ಟಿದಳೆಂದು ಅಜ್ಜಿ ಆ ಹೆಸರಿಟ್ಟಿದ್ದಳು. ಮ್ಯಾಟ್ರಿಕ್ ಪಾಸಾಗಿ, ಇಪ್ಪತ್ತೆರಡನೇ ವಯಸ್ಸಿಗೆ ಬ್ಯಾಡಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದಳು. ಆಗ ಫೋನೆಂದರೆ ನಂಬರು ತಿರುಗಿಸುವುದಲ್ಲ, ಎಕ್ಸ್‌ಚೇಂಜಿಗೆ ಹೇಳಿ ಜೋಡಿಸಿಕೊಳ್ಳುವುದು. ಎದುರಿಗೆ ತೂತುಗಳ ಬೋರ್ಡು, ಕಿವಿಗೆ ಹೆಡ್‌ಫೋನು, ಕೈಯಲ್ಲಿ ವಾಯರು. ಮೆಣಸಿನಕಾಯಿ ಸೀಜನ್ನಿನಲ್ಲಿ ದಲಾಲರ ಅಂಗಡಿಗಳಿಂದ ಮುಂಬಯಿಗೆ, ಗುಂಟೂರಿಗೆ, ಇಂದೋರಿಗೆ ಬುಕ್ಕಾದ ಟ್ರಂಕ್ ಕಾಲ್‌ಗಳು ಸಾಲುಗಟ್ಟುತ್ತಿದ್ದವು. ಖೋಲಿಯ ಕಿಟಕಿ ಮುಚ್ಚಿದರೂ ಘಾಟು ಒಳಗೆ ನುಗ್ಗಿ ಆಪರೇಟರುಗಳು ಸೀನುತ್ತಲೇ "ನಂಬರ್ ಪ್ಲೀಸ್" ಎನ್ನುತ್ತಿದ್ದರು. ಆಕೆಯ ಪಕ್ಕದ ಕುರ್ಚಿಯಲ್ಲಿ ಜುಬೇದಾ ಎಂಬ ಹಾವೇರಿಯ ಹುಡುಗಿ. ಇಬ್ಬರಿಗೂ ಊರಿನ ಇನ್ನೂರ ಚಿಲ್ಲರೆ ನಂಬರುಗಳು ಬಾಯಿಪಾಠ. ಧ್ವನಿ ಕೇಳಿದರೆ ಮನುಷ್ಯ ಯಾರೆಂದು ಹೇಳುತ್ತಿದ್ದರು.

ಒಂದು ದಿನ ಮೋಟೆಬೆನ್ನೂರಿನ ಹತ್ತಿರ ಲಾರಿ ಉರುಳಿ ಡ್ರೈವರ್‌ಗೆ ರಕ್ತ ಬೇಕಾಯಿತು. ಡಾಕ್ಟರು ದಾವಣಗೆರೆಗೆ ಕಾಲ್ ಕೇಳಿದರು. ಆ ಲೈನು ಕೆಟ್ಟಿತ್ತು. ಹೊಳಿಯವ್ವ ಸುಮ್ಮನೆ "ಲೈನಿಲ್ಲ" ಎಂದಿದ್ದರೆ ಆಕೆಯ ನೌಕರಿಯಲ್ಲೇನೂ ತಪ್ಪಾಗುತ್ತಿರಲಿಲ್ಲ. ಆಕೆ ಬೋರ್ಡಿನ ಮೇಲಿದ್ದ ಒಂದೊಂದೇ ನಂಬರಿಗೆ ವಾಯರು ಚುಚ್ಚಿ, "ನಿಮ್ಮಲ್ಲಿ ಯಾರದರೆ ಓ ನೆಗೆಟಿವ್ ಐತೇನ್ರಿ?" ಎಂದು ಕೇಳುತ್ತ ಹೋದಳು. ನಲವತ್ತನೆಯದೋ ಐವತ್ತನೆಯದೋ ಕಾಲಿಗೆ ಒಬ್ಬ ಗುಮಾಸ್ತ ಸಿಕ್ಕ. ಡ್ರೈವರ್ ಬದುಕಿದ. ಅಂದು ಆಕೆ ಆ ಗುಮಾಸ್ತನ ಹೆಸರು, ಗುಂಪು, ನಂಬರನ್ನು ಒಂದು ನೋಟುಬುಕ್ಕಿನ ಮೊದಲ ಗೆರೆಯಲ್ಲಿ ಬರೆದಿಟ್ಟಳು. ಪಟ್ಟಿ ಹುಟ್ಟಿದ್ದು ಹಾಗೆ.

ಮುಂದೆ ಎಕ್ಸ್‌ಚೇಂಜು ತಾನೇ ಕಾಲ್ ಜೋಡಿಸುವ ಮಶೀನಾಯಿತು. ಆಪರೇಟರುಗಳನ್ನು ಬೇರೆ ಬೇರೆ ಕಡೆ ಹಾಕಿದರು. ಹೊಳಿಯವ್ವ ರಾಣೆಬೆನ್ನೂರಿನಲ್ಲಿ ನೂರಾ ತೊಂಬತ್ತೆಂಟಕ್ಕೆ, ಅಂದರೆ ಕೆಟ್ಟ ಫೋನುಗಳ ದೂರು ಬರೆದುಕೊಳ್ಳುವ ಟೇಬಲ್ಲಿಗೆ ಬಂದಳು. "ಡಯಲ್ ಟೋನ್ ಬರತೈತೇನ್ರಿ? ಗರ್ರ್ ಅಂತೈತೇನು? ಮಳಿ ಬಂದಾಗಷ್ಟ ಹಿಂಗಾಗತೈತೋ ಯಾವಾಗ್ಲೂ ಆಗತೈತೋ?" ಎಂದು ಕೇಳಿ ಕೇಳಿ, ತಪ್ಪು ಮನೆಯ ಉಪಕರಣದಲ್ಲಿದೆಯೋ, ಕಂಬದ ಮೇಲಿದೆಯೋ, ನೆಲದೊಳಗಿನ ಕೇಬಲ್ಲಿನಲ್ಲಿದೆಯೋ ಎಂದು ಕುಳಿತಲ್ಲೇ ಗುರುತಿಸುವುದನ್ನು ಕಲಿತಳು. ಆಕೆ ಬರೆದ ಚೀಟಿ ಇದ್ದರೆ ಲೈನ್‌ಮನ್‌ಗಳು ಏಣಿ ತೆಗೆದುಕೊಂಡು ಹೋಗಬೇಕೋ ಗುದ್ದಲಿ ತೆಗೆದುಕೊಂಡು ಹೋಗಬೇಕೋ ಎಂದು ಮತ್ತೊಮ್ಮೆ ಕೇಳುತ್ತಿರಲಿಲ್ಲ.

ಎರಡು ಸಾವಿರದ ಎರಡರಲ್ಲಿ ನಿವೃತ್ತಿಯಾದಳು. ಅದೇ ವರ್ಷ ಪಿಯುಸಿ ಹುಡುಗಿಯರ ನಡುವೆ ಕುಳಿತು ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ, ದೀಪಾವಳಿಗೆ ಮನೆಗೊಂದು ಕಂಪ್ಯೂಟರ್ ತಂದಳು. ಆರು ನೋಟುಬುಕ್ಕುಗಳಲ್ಲಿದ್ದ ಹೆಸರುಗಳನ್ನೆಲ್ಲ ಕನ್ನಡದಲ್ಲಿ ಟೈಪು ಮಾಡಿ ಅದರೊಳಗೆ ಸೇರಿಸಿದಳು. ಆ ಮೇಲೆ ಹೊಸ ಹೆಸರುಗಳು ನೇರ ಕಂಪ್ಯೂಟರಿಗೇ ಹೋದವು. ಎರಡು ಸಾವಿರದ ಮೂರರ ಆಗಸ್ಟಿಗೆ ಪಟ್ಟಿಯಲ್ಲಿ ಸಾವಿರದ ನೂರ ನಲವತ್ತು ಜನರಿದ್ದರು. ಪ್ರತಿ ಸೋಮವಾರ ಮುಂಜಾನೆ, ಯಾವ ಗುಂಪಿನಲ್ಲಿ ಎಷ್ಟು ಜನ ಕೊಡಬಲ್ಲರೆಂಬ ಲೆಕ್ಕದ ಪಟ್ಟಿಯನ್ನಷ್ಟೇ, ಹೆಸರಿಲ್ಲದೆ, ದಾವಣಗೆರೆ ಮತ್ತು ಹುಬ್ಬಳ್ಳಿಯ ರಕ್ತನಿಧಿಗಳಿಗೆ ಇ-ಮೇಲ್ ಮಾಡುತ್ತಿದ್ದಳು.

ಮನೆಯಲ್ಲಿದ್ದದ್ದು ಒಂದೇ ಲೈನು, ಗೋಡೆಯಲ್ಲಿ ಒಂದೇ ಸಾಕೆಟ್ಟು. ವಾಯರನ್ನು ಕಂಪ್ಯೂಟರಿಗೆ ಹಾಕಿದರೆ ಫೋನಿಲ್ಲ, ಫೋನಿಗೆ ಹಾಕಿದರೆ ಇಂಟರ್ನೆಟ್ ಇಲ್ಲ. ಯಾರಾದರೂ ರಕ್ತಕ್ಕೆ ಫೋನ್ ಮಾಡಿಯಾರೆಂದು ಇಂಟರ್ನೆಟ್ಟಿಗೆ ವಾರಕ್ಕೆ ಹತ್ತು ನಿಮಿಷ ಮಾತ್ರ ಕೊಟ್ಟಿದ್ದಳು.

ಶ್ರಾವಣದ ಒಂದು ಸೋಮವಾರ, ಸ್ನಾನ ಪೂಜೆ ಮುಗಿಸಿ ಹನ್ನೊಂದರ ಸುಮಾರಿಗೆ ಆಕೆ ಎಂದಿನಂತೆ ಫೋನಿನ ವಾಯರು ಕಿತ್ತು ಕಂಪ್ಯೂಟರಿಗೆ ಹಾಕಿದಳು. ಮೋಡೆಮ್ಮು ಕೀರಲು ದನಿಯಲ್ಲಿ ಕೂಗಿ ಲೈನು ಹತ್ತಿತು. ಲೆಕ್ಕದ ಪಟ್ಟಿಯನ್ನು ಇ-ಮೇಲಿಗೆ ಲಗತ್ತಿಸುವಷ್ಟರಲ್ಲಿ ಪರದೆಯ ನಡುವೆ ಒಂದು ಚೌಕ ಎದ್ದು ನಿಂತಿತು. ಕಂಪ್ಯೂಟರು ಬಂದಾಗಲಿದೆ, ಮಾಡುತ್ತಿರುವ ಕೆಲಸ ಉಳಿಸಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದರ ಕೆಳಗೆ ಅರವತ್ತು, ಐವತ್ತೊಂಬತ್ತು, ಐವತ್ತೆಂಟು ಎಂದು ಸೆಕೆಂಡುಗಳು ಇಳಿಯುತ್ತಿದ್ದವು. ಹೊಳಿಯವ್ವ ಮೌಸನ್ನು ಎತ್ತ ಆಡಿಸಿದರೂ ಚೌಕ ಹೋಗಲೊಲ್ಲದು. ಸೊನ್ನೆಗೆ ಬಂದದ್ದೇ ಪರದೆ ಕಪ್ಪಾಗಿ, ಕಂಪ್ಯೂಟರು ತಾನಾಗಿಯೇ ಆರಿ ಮತ್ತೆ ಹತ್ತಿಕೊಂಡಿತು.

ಮತ್ತೊಮ್ಮೆ ಲೈನು ಹಚ್ಚಿದಳು. ಐದು ನಿಮಿಷಕ್ಕೆ ಮತ್ತೆ ಅದೇ ಚೌಕ. ಮೂರನೆಯ ಸಲ ಎರಡೇ ನಿಮಿಷಕ್ಕೆ. ಆ ಮೂರನೆಯ ಸಲ ಆಕೆ ಗಾಬರಿ ಬಿಟ್ಟು ಪೆನ್ನು ಹಿಡಿದಳು. ಅರವತ್ತು ಸೆಕೆಂಡಿನೊಳಗೆ ಚೌಕದಲ್ಲಿದ್ದ ಅಷ್ಟೂ ಅಕ್ಷರಗಳನ್ನು ನೋಟುಬುಕ್ಕಿಗೆ ಇಳಿಸಿಕೊಂಡಳು. ಟ್ರಂಕ್ ಕಾಲ್ ಬರೆದುಕೊಂಡ ಕೈ, ವೇಗ ಇನ್ನೂ ಹೋಗಿರಲಿಲ್ಲ.

ಗಂಡ ಲಕ್ಕಪ್ಪ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ. ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಫಿಟರ್ ಆಗಿ ನಿವೃತ್ತನಾದವನು. ಯಾವ ಮಶೀನಿನ ಸದ್ದು ಕೇಳಿದರೂ ಎದ್ದು ಬರುವ ರೂಢಿ.

"ಏನಾತ?"

"ತಾನ ಆರತೈತಿ, ತಾನ ಹತ್ತತೈತ್ರಿ. ಪಟ್ಟಿ ಕಳಸಾಕ ಬಿಡವಲ್ದು."

"ವೋಲ್ಟೇಜ್ ಇರಬೇಕು ತಗೋ."

"ವೋಲ್ಟೇಜ್ ಹೋಗೂಮುಂದ ಅರವತ್ತ ಎಣಸಿ ಹೇಳಿ ಹೋಗತೈತೇನ್ರಿ?"

ಲಕ್ಕಪ್ಪ ಪೇಪರು ಮಡಚಿಟ್ಟ.

ವಾಯರನ್ನು ಮತ್ತೆ ಫೋನಿಗೆ ಹಾಕಿ, ಕಂಪ್ಯೂಟರು ಮಾರಿದ ಅಂಗಡಿಯ ಮನೋಹರನಿಗೆ ಫೋನ್ ಮಾಡಿದಳು. ಬಸ್ ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟಿದ್ದ ಮನೋಹರ ನಲವತ್ತು ದಾಟಿದವನು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು.

"ವೈರಸ್ ಬಂದೈತ್ರಿ ಅಕ್ಕಾರ. ಈ ವಾರದಾಗ ನಿಮ್ಮದು ಏಳನೇದು. ಸಿಪಿಯು ಕಳಸ್ರಿ, ಫಾರ್ಮ್ಯಾಟ್ ಹೊಡದು ಸಂಜೀಗೆ ಕೊಡ್ತೇನಿ."

"ಫಾರ್ಮ್ಯಾಟ್ ಹೊಡದ್ರ ಒಳಗಿದ್ದದ್ದು?"

"ಎಲ್ಲಾ ಅಳಿಸಿ ಹೋಗತೈತ್ರಿ. ನೀವು ತಂದಾಗ ಹೆಂಗಿತ್ತು ಹಂಗ ಆಗತೈತಿ."

"ನನ್ನ ಪಟ್ಟಿ ಅದರಾಗ ಐತಲ್ಲಪಾ."

"ಫ್ಲಾಪಿಗೆ ಹಾಕಿಟ್ಟೀರೇನ್ರಿ?"

ಹಾಕಿಟ್ಟಿದ್ದಳು, ಆದರೆ ಮೇ ತಿಂಗಳಲ್ಲಿ. ಆಮೇಲೆ ಬೀಜದ ಕಂಪನಿಯೊಂದರ ಆವರಣದಲ್ಲಿ ನಡೆದ ರಕ್ತದಾನ ಶಿಬಿರದ ತೊಂಬತ್ತು ಹೆಸರು, ಜೊತೆಗೆ ಯಾರು ಯಾವಾಗ ರಕ್ತ ಕೊಟ್ಟರೆಂಬ ತಾರೀಖುಗಳೆಲ್ಲ ಕಂಪ್ಯೂಟರಿನಲ್ಲಷ್ಟೇ ಇದ್ದವು.

"ಈಗ ಕಾಪಿ ಮಾಡಿಕೊಳ್ಳಲೇನು?"

"ಬ್ಯಾಡ್ರಿ ಬ್ಯಾಡ್ರಿ, ವೈರಸ್ಸೂ ಅದರ ಸಂಗಾಟ ಬರತೈತಿ. ಹೋದದ್ದು ಹೋತು ಅಂತ ತಿಳಕೋರಿ."

ಹೊಳಿಯವ್ವ ರಿಸೀವರ್ ಇಟ್ಟು ಲೆಕ್ಕ ಹಾಕಿದಳು. ತೊಂಬತ್ತು ಮಂದಿಯನ್ನು ಮತ್ತೆ ಹುಡುಕಿ ಕೇಳಬಹುದು. ಆದರೆ ಹದಿನೈದು ದಿನದ ಹಿಂದೆ ಕೊಟ್ಟವನನ್ನು ತಿಳಿಯದೆ ಮತ್ತೆ ಕಳಿಸಿದರೆ? ಲಕ್ಕಪ್ಪ ಆಗಲೇ ಓಣಿಯ ತುದಿಗೆ ಹೋಗಿ ಆಟೋ ಕರೆದು ಬಂದಿದ್ದ. ಸಿಪಿಯು ಸುತ್ತಲು ಹಳೆಯ ಜಮಖಾನೆಯನ್ನೂ ತೆಗೆದಿಟ್ಟಿದ್ದ.

ಅಷ್ಟರಲ್ಲಿ ಫೋನ್ ಬಂತು. ಬ್ಯಾಡಗಿಯ ದವಾಖಾನೆಯ ನರ್ಸ್ ಸೈದಾಬಿ.

"ಅಕ್ಕಾ, ಹೆರಿಗಿ ಪೇಶೆಂಟ್ ಐತಿ, ಭಾಳ ರಕ್ತ ಹೋಗೇತಿ. ದಾವಣಗೆರೆಗೆ ಕಳಸಾಕತ್ತೇವಿ. ಬಿ ನೆಗೆಟಿವ್ ಎರಡ ಬಾಟ್ಲಿ ಬೇಕಂತ. ಲಗೂ ನೋಡಕ್ಕಾ."

"ಲೈನ್ ಮ್ಯಾಲೆ ಇರು," ಎಂದು ಹೊಳಿಯವ್ವ ಕಂಪ್ಯೂಟರಿನತ್ತ ತಿರುಗಿದಳು. ಅದು ಮತ್ತೆ ಹತ್ತಿಕೊಂಡು ಸುಮ್ಮನೆ ನಿಂತಿತ್ತು. ಯಾವ ಗಳಿಗೆಯಲ್ಲಿ ಆ ಚೌಕ ಏಳುತ್ತದೋ ಎಂಬ ಭಯದಲ್ಲೇ ಪಟ್ಟಿ ತೆರೆದಳು. ಬಿ ನೆಗೆಟಿವ್ ಒಂಬತ್ತು ಜನ. ಕಂಪ್ಯೂಟರು ಆರುವ ಮೊದಲು ಒಂಬತ್ತೂ ಹೆಸರನ್ನು ಕಾಗದಕ್ಕಿಳಿಸಬೇಕೆಂದು ಪೆನ್ನು ಓಡಿಸಿದಳು. ಇಬ್ಬರು ಹಾವೇರಿಯವರು, ದೂರವಾಯಿತು. ಮೂವರು ಇತ್ತೀಚೆಗೆ ಕೊಟ್ಟವರು. ಉಳಿದವರಲ್ಲಿ ದಾವಣಗೆರೆಗೆ ಹತ್ತಿರದವನು ಕುಮಾರಪಟ್ಟಣದ ಫ್ಯಾಕ್ಟರಿಯ ಹುಲಿಗೇಶ.

"ಏನ್ರೀ, ಫ್ಯಾಕ್ಟರಿ ಗೇಟಿನ ನಂಬರ್ ಹೇಳ್ರಿ!"

ಲಕ್ಕಪ್ಪ ಜಮಖಾನೆ ಕೆಳಗಿಟ್ಟು ನಂಬರು ಹೇಳಿದ. ಸೈದಾಬಿಗೆ ಧೈರ್ಯ ಹೇಳಿ ಲೈನು ಬಿಡಿಸಿ, ಗೇಟಿಗೆ ಫೋನ್ ಹಚ್ಚಿದಳು. ಗೇಟಿನವರು ಹುಲಿಗೇಶನನ್ನು ಕರೆಸುವವರೆಗೂ ಕಾದಳು. "ಹತ್ತ ನಿಮಿಷದಾಗ ಹೊಂಡತೇನ್ರಿ ಅಕ್ಕಾರ," ಎಂದ ಅವನು. ಎರಡನೆಯವನು ಹರಿಹರದ ಶಾಲಾ ಮಾಸ್ತರ. ಅವನ ಶಾಲೆಗೆ ಫೋನ್. ಇಬ್ಬರೂ ಹೊರಟದ್ದು ಖಾತ್ರಿಯಾದ ಮೇಲೆ ಬ್ಯಾಡಗಿಗೆ ಮತ್ತೆ ಫೋನ್ ಮಾಡಿ ತಿಳಿಸಿದಳು.

ರಿಸೀವರ್ ಇಟ್ಟು ಗಡಿಯಾರ ನೋಡಿದಳು. ಮೂವತ್ತೈದು ನಿಮಿಷ ಆಗಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಪಟ್ಟಿ ಹಾಗೇ ತೆರೆದುಕೊಂಡಿತ್ತು.

ಮೂವತ್ತೈದು ನಿಮಿಷ! ಮುಂಜಾನೆಯಿಂದ ಐದು ನಿಮಿಷ ತಡೆಯದ ಮಶೀನು ಈಗ ಅರ್ಧ ತಾಸು ದಾಟಿದರೂ ಆರಲಿಲ್ಲ. ಬದಲಾದದ್ದೇನು? ಆಗ ವಾಯರು ಕಂಪ್ಯೂಟರಿನಲ್ಲಿತ್ತು. ಈಗ ಫೋನಿನಲ್ಲಿದೆ.

ಹೊರಗೆ ಆಟೋದವನು ಹಾರ್ನ್ ಹೊಡೆದ.

"ಅವಂಗ ಹೋಗಂತ ಹೇಳ್ರಿ," ಎಂದಳು ಹೊಳಿಯವ್ವ. "ಉಪಕರಣ ಸುದ್ದ ಐತಿ. ತಪ್ಪಿರೂದು ಲೈನಿನ ಆ ಕಡೆ."

ಮೊದಲು ಪಟ್ಟಿಯನ್ನು ಹೊಸ ಫ್ಲಾಪಿಗೆ ಹಾಕಿದಳು. ಮನೋಹರ ಏನಾದರೂ ಹೇಳಿಕೊಳ್ಳಲಿ. ಆಮೇಲೆ ನೂರಾ ತೊಂಬತ್ತೆಂಟರ ರೀತಿಯಲ್ಲೇ ನೋಟುಬುಕ್ಕಿನಲ್ಲಿ ವೇಳೆ ಹಾಕಿ ಪರೀಕ್ಷೆಗೆ ನಿಂತಳು. ವಾಯರಿಲ್ಲದೆ ಇಪ್ಪತ್ತು ನಿಮಿಷ: ಏನೂ ಆಗಲಿಲ್ಲ. ವಾಯರು ಹಾಕಿ ಇಂಟರ್ನೆಟ್ ಹಚ್ಚಿ, ಇ-ಮೇಲ್ ತೆರೆಯದೆ, ಒಂದು ಗುಂಡಿಯನ್ನೂ ಒತ್ತದೆ ಕೈಕಟ್ಟಿ ಕುಳಿತಳು: ನಾಲ್ಕು ನಿಮಿಷಕ್ಕೆ ಚೌಕ. ಅಂದರೆ ಯಾರದೋ ಮೇಲ್ ತೆರೆದು ತಾನೇ ತಂದುಕೊಂಡದ್ದಲ್ಲ. ಲೈನಿನ ಮೂಲಕ ಅದು ತಾನಾಗಿಯೇ ಬರುತ್ತಿದೆ.

ಬರೆದುಕೊಂಡ ಇಂಗ್ಲಿಷ್ ಮಾತುಗಳನ್ನು ಮತ್ತೆ ಓದಿದಳು. ನಡುವೆ ಮೂರು ಪದ: ರಿಮೋಟ್ ಪ್ರೊಸೀಜರ್ ಕಾಲ್. ಪ್ರೊಸೀಜರ್ ಏನೆಂದು ತಿಳಿಯಲಿಲ್ಲ. ಆದರೆ ರಿಮೋಟ್ ಎಂದರೆ ದೂರ, ಕಾಲ್ ಎಂದರೇನೆಂದು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ದೂರದಿಂದ ಯಾವನೋ ಕಾಲ್ ಮಾಡಾಕತ್ತಾನ್ರಿ," ಎಂದಳು ಲಕ್ಕಪ್ಪನಿಗೆ. "ನಮ್ಮ ಕಂಪ್ಯೂಟರ್ ತಾನ ಎತ್ತಿ ಒಳಗ ಬಿಟ್ಟುಕೊಳ್ಳಾಕತ್ತೈತಿ."

ಊಟ ಮಾಡಿ, ಛತ್ರಿ ಹಿಡಿದು, ಹೊಸ ಫ್ಲಾಪಿಗಳ ಒಂದು ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಫಿರೋಜನ ಸೈಬರ್ ಕೆಫೆಗೆ ಹೋದಳು. ಫಿರೋಜ್ ಐವತ್ತರ ಮನುಷ್ಯ. ಅಪ್ಪ ಗೂಡುಸಾಬ ನಡೆಸುತ್ತಿದ್ದ ಟೈಪಿಂಗ್ ಕ್ಲಾಸನ್ನೇ ಕೆಫೆ ಮಾಡಿದ್ದ. ಅಲ್ಲಿ ಆರು ಕಂಪ್ಯೂಟರುಗಳು ಏನೂ ಆಗಿಲ್ಲವೆಂಬಂತೆ ನಡೆಯುತ್ತಿದ್ದವು.

"ನಿಮ್ಮಲ್ಲಿ ಆರಿ ಹತ್ತೂದು ಆಗಿಲ್ಲೇನ್ರಿ ಫಿರೋಜಣ್ಣ?"

"ಇಲ್ರಿ ಅಕ್ಕಾರ. ಖರೇ ಹೇಳಬೇಕಂದ್ರ ನನಗೂ ಆಶ್ಚರ್ಯ. ಹೊಸಾ ಮಶೀನ್ ಇದ್ದಾವ್ರೆಲ್ಲಾ ಅಳಾಕತ್ತಾರ. ನನ್ನವು ಹಳೇವು, ವಿಂಡೋಸ್ ತೊಂಬತ್ತೆಂಟು. ಅವಕ್ಕ ಏನೂ ಆಗವಲ್ದು."

ಹೊಳಿಯವ್ವ ಅದನ್ನೂ ನೋಟುಬುಕ್ಕಿಗೆ ಹಾಕಿದಳು: ಹಳೆಯದಕ್ಕೆ ಇಲ್ಲ, ಹೊಸದಕ್ಕೆ ಮಾತ್ರ. ಆಮೇಲೆ ಕಿಟಕಿ ಪಕ್ಕದ ಕಂಪ್ಯೂಟರಿಗೆ ಕುಳಿತು, ಚೌಕದ ಇಂಗ್ಲಿಷ್ ವಾಕ್ಯವನ್ನು ಅಕ್ಷರ ತಪ್ಪದೆ ಸರ್ಚಿಗೆ ಹಾಕಿದಳು.

ಉತ್ತರಗಳು ಸಾಲುಸಾಲಾಗಿ ಬಂದವು. ಪ್ರಪಂಚದ ತುಂಬ ಜನ ಅದೇ ಚೌಕವನ್ನು ನೋಡಿ ಅದೇ ಪ್ರಶ್ನೆ ಕೇಳಿದ್ದರು. ಅರ್ಥವಾಗದ ಪದ ಬಂದರೆ ಬಿಟ್ಟು, ಮುಂದಿನ ಸಾಲು ಓದಿ, ಮತ್ತೆ ಹಿಂದೆ ಬಂದಳು. ಎರಡು ತಾಸಿನಲ್ಲಿ ವಿಷಯ ಬಿಡಿಸಿಕೊಂಡಿತು. ಇದು ಬ್ಲಾಸ್ಟರ್ ಎಂಬ ವರ್ಮ್, ಅಂದರೆ ಹುಳ. ಹೊಸ ವಿಂಡೋಸಿನಲ್ಲಿ ಒಂದು ತೂತು ಉಳಿದಿತ್ತು. ಇಂಟರ್ನೆಟ್ಟಿಗೆ ಹತ್ತಿದ ಕಂಪ್ಯೂಟರುಗಳನ್ನು ಒಂದೊಂದಾಗಿ ಹುಡುಕುತ್ತ, ಆ ತೂತಿನಿಂದ ಹುಳ ಒಳಗೆ ಬರುತ್ತದೆ. ಒಳಗೆ ಬಂದದ್ದು ಅಲ್ಲಿಂದ ಮತ್ತೊಂದನ್ನು ಹುಡುಕುತ್ತದೆ. ತೂತು ಮುಚ್ಚುವ ಪ್ಯಾಚು ಜುಲೈಯಲ್ಲೇ ಬಂದಿತ್ತು, ಯಾರೂ ಹಾಕಿಕೊಂಡಿರಲಿಲ್ಲ. ಆ ಹುಳ ಫೈಲುಗಳನ್ನು ತಿನ್ನುವುದಿಲ್ಲ ಎಂಬ ಸಾಲನ್ನು ಆಕೆ ಎರಡು ಸಲ ಓದಿ, ನೋಟುಬುಕ್ಕಿಗೆ ಇಳಿಸಿ ಅಡಿಗೆರೆ ಎಳೆದಳು. ಅದರ ಕೆಳಗೆ ಹುಳ ತೆಗೆಯುವ ಕ್ರಮವನ್ನು ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಬರೆದುಕೊಂಡಳು.

ಮನೆಯಲ್ಲಿ ಪ್ಯಾಚು ಇಳಿಸಿಕೊಳ್ಳುವಂತಿರಲಿಲ್ಲ. ಅದು ಇಳಿಯುವ ಮೊದಲೇ ಕಂಪ್ಯೂಟರು ಆರುತ್ತಿತ್ತು. ಇಲ್ಲಿಂದಲೇ ಫ್ಲಾಪಿಯಲ್ಲಿ ಒಯ್ಯಬೇಕು. ಒಂದು ಫ್ಲಾಪಿಗೆ ಹಿಡಿಯುತ್ತದೆಯೇ? ಹಿಡಿಯಿತು, ಅಂಚಿನವರೆಗೆ. ಮೊದಲ ಫ್ಲಾಪಿ ಅರ್ಧಕ್ಕೆ ನಿಂತು ಕೆಟ್ಟಿತೆಂದಿತು. ಎರಡನೆಯದೂ ಹಾಗೇ. ಮೂರನೆಯದು ಕಟಕಟ ಎನ್ನುತ್ತ ಕೊನೆ ಮುಟ್ಟಿತು. ಎಚ್ಚರಕ್ಕೆ ಇನ್ನೊಂದರಲ್ಲೂ ಹಾಕಿಕೊಂಡಳು.

ಸಂಜೆ ಐದಕ್ಕೆ ಮನೆಯಲ್ಲಿ ಕೆಲಸ ಶುರುವಾಯಿತು. ವಾಯರು ಫೋನಿನಲ್ಲೇ ಇರಲಿ ಎಂದು ಮೊದಲು ತಾಕೀತು ಮಾಡಿದಳು. ಲಕ್ಕಪ್ಪ ಕನ್ನಡಕ ಹಾಕಿ ನೋಟುಬುಕ್ಕು ಹಿಡಿದು, ಫ್ಯಾಕ್ಟರಿಯಲ್ಲಿ ಸೂಪರ್‌ವೈಜರ್ ಓದುತ್ತಿದ್ದಂತೆ ದೊಡ್ಡ ದನಿಯಲ್ಲಿ ಓದಿದ.

"ಒಂದು. ನಡಿಯಾಕತ್ತಿದ್ದ ಪ್ರೋಗ್ರಾಮಿನ ಪಟ್ಟಿ ತಗಿ. ಎಂಎಸ್‌ಬ್ಲಾಸ್ಟ್ ಅಂತ ಐತೇನು ನೋಡು."

ಇತ್ತು. ಅಷ್ಟೊಂದು ಹೆಸರುಗಳ ನಡುವೆ, ಮನೆಯವರಲ್ಲೊಬ್ಬರಂತೆ ಕುಳಿತಿತ್ತು. ಹೊಳಿಯವ್ವ ಅದನ್ನು ಹಿಡಿದು ನಿಲ್ಲಿಸಿದಳು.

"ಎರಡು. ಅದರ ಫೈಲ್ ಹುಡುಕಿ ಅಳಿಸು."

ಅಳಿಸಿದಳು.

"ಮೂರು. ರಿಜಿಸ್ಟ್ರಿ." ಲಕ್ಕಪ್ಪ ಓದುವುದನ್ನು ನಿಲ್ಲಿಸಿದ. "ಇಲ್ಲಿ ನೀನ ಬರದೀ, ತಪ್ಪ ಅಳಿಸಿದ್ರ ಕಂಪ್ಯೂಟರ್ ಏಳೂದಿಲ್ಲ ಅಂತ."

ರಿಜಿಸ್ಟ್ರಿ ಎಂದರೆ ಕಂಪ್ಯೂಟರು ಎದ್ದ ಕೂಡಲೇ ಯಾವ ಯಾವ ಪ್ರೋಗ್ರಾಮು ಕೆಲಸಕ್ಕೆ ಹಾಜರಾಗಬೇಕೆಂಬ ಪುಸ್ತಕವಿದ್ದಂತೆ. ಹುಳ ಅದರಲ್ಲಿ ತನ್ನ ಹೆಸರನ್ನೂ ಸೇರಿಸಿತ್ತು. ಹೊಳಿಯವ್ವ ನೋಟುಬುಕ್ಕಿನಲ್ಲಿದ್ದದ್ದನ್ನೂ ಪರದೆಯಲ್ಲಿದ್ದದ್ದನ್ನೂ ಒಂದೊಂದೇ ಅಕ್ಷರ ತಾಳೆ ನೋಡಿದಳು.

"ಮನೋಹರಗ ಒಂದ ಮಾತ ಕೇಳೂಣೇನು?" ಎಂದ ಲಕ್ಕಪ್ಪ.

"ಅಂವ ಫಾರ್ಮ್ಯಾಟ್ ಅಂತಾನ. ಸುಮ್ನ ಓದ್ರಿ."

ಆ ಒಂದು ಸಾಲನ್ನು ತೆಗೆದಳು. ಫ್ಲಾಪಿ ಹಾಕಿ ಪ್ಯಾಚು ಹತ್ತಿಸಿದಳು. ಇಂಟರ್ನೆಟ್ಟಿನ ಜೋಡಣೆಯಲ್ಲಿ ಫೈರ್‌ವಾಲ್ ಎಂಬ ಕಡೆ ಒಂದು ಟಿಕ್ ಹಾಕಿದಳು. ಕರೆಯದೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದು ಅದು. ಕಂಪ್ಯೂಟರು ಆರಿಸಿ ಹಚ್ಚಿದಳು. ಎದ್ದಿತು. ಪಟ್ಟಿ ಇತ್ತು.

"ಈಗ ವಾಯರ್ ಹಾಕೇನ್ರಿ," ಎಂದಳು.

ಮೋಡೆಮ್ಮು ಕೂಗಿತು. ಲೈನು ಹತ್ತಿತು. ಗಂಡ ಹೆಂಡತಿ ಇಬ್ಬರೂ ಗೋಡೆಯ ಗಡಿಯಾರ ನೋಡುತ್ತ ಕುಳಿತರು. ಎರಡು ನಿಮಿಷ. ಐದು. ಹತ್ತು ದಾಟಿತು. ಚೌಕ ಏಳಲಿಲ್ಲ. ಹೊಳಿಯವ್ವ ವಾರದ ಲೆಕ್ಕದ ಪಟ್ಟಿಯನ್ನು ಲಗತ್ತಿಸಿ ದಾವಣಗೆರೆಗೂ ಹುಬ್ಬಳ್ಳಿಗೂ ಕಳಿಸಿದಳು. ಹೋಯಿತೆಂಬ ಸೂಚನೆ ಬಂದಾಗ ಆಕೆಗೆ ಆದದ್ದು, ಬ್ಯಾಡಗಿಯ ಬೋರ್ಡಿನ ಮೇಲೆ ಮೊದಲ ಸಲ ತಾನೊಬ್ಬಳೇ ಮುಂಬಯಿಗೆ ಕಾಲ್ ಜೋಡಿಸಿ, ಎರಡೂ ಕಡೆಯವರು "ಹಲೋ" ಎಂದದ್ದನ್ನು ಕೇಳಿದಾಗ ಆದಂಥ ಖುಷಿ. ಕುರ್ಚಿಯಲ್ಲಿ ಬೆನ್ನು ಕೊಟ್ಟು ಕುಳಿತಳು. ಲಕ್ಕಪ್ಪ ಎದ್ದು ಹೋಗಿ ತಾನೇ ಚಹಾ ಮಾಡಿಕೊಂಡು ಬಂದ. ನಲವತ್ತು ವರ್ಷದ ಸಂಸಾರದಲ್ಲಿ ಅದು ಎಷ್ಟನೆಯ ಸಲವೆಂದು ಎಣಿಸಿ ಹೇಳಬಹುದಿತ್ತು.

ಮರುದಿನ ಮುಂಜಾನೆ ಸೈದಾಬಿ ಫೋನ್ ಮಾಡಿ, ತಾಯಿಯೂ ಹೆಣ್ಣು ಕೂಸೂ ಚಲೋ ಇದ್ದಾರೆಂದು ತಿಳಿಸಿದಳು. ಹೊಳಿಯವ್ವ ಹುಲಿಗೇಶನ ಮತ್ತು ಮಾಸ್ತರನ ಹೆಸರಿನ ಮುಂದೆ ತಾರೀಖು ಹಾಕಿ, ಫ್ಲಾಪಿ ಚೀಲಕ್ಕಿಟ್ಟುಕೊಂಡು ಮನೋಹರನ ಅಂಗಡಿಗೆ ನಡೆದಳು.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೌಂಟರಿನ ಮೇಲೆ, ಕೆಳಗೆ, ಬೆಂಚಿನ ಮೇಲೆ ಸಿಪಿಯುಗಳು. ಮನೋಹರನ ಮುಖ ಬಾಡಿತ್ತು. ಬೀಜದ ವ್ಯಾಪಾರಿಯೊಬ್ಬರು ಅವನ ಮೇಲೆ ಹರಿಹಾಯುತ್ತಿದ್ದರು.

"ಶನಿವಾರ ಫಾರ್ಮ್ಯಾಟ್ ಮಾಡಿ ಕೊಟ್ಟೀದಿ, ರವಿವಾರ ಮತ್ತ ಅದ ರಾಗ! ನಮ್ಮ ಲೆಟರ್ ಎಲ್ಲಾ ಅಳಿಸಿ ಏನ್ ಉಪಕಾರ ಮಾಡಿದಿ?"

ಅವರು ಹೋಗುವವರೆಗೂ ಹೊಳಿಯವ್ವ ಕಾದಳು. ನಾಲ್ಕು ಜನರ ಎದುರು ಹೇಳುವ ಮಾತಲ್ಲ ಅದು.

"ಮನೋಹರ, ನೀ ಫಾರ್ಮ್ಯಾಟ್ ಮಾಡಿ ಹಾಕೂದು ಯಾವ ಸೀಡಿಯಿಂದ?"

"ನನ್ನಲ್ಲಿ ಇರೂ ಸೀಡಿಯಿಂದ್ರಿ. ಯಾಕ್ರಿ?"

"ಆ ಸೀಡಿ ಎರಡ ವರ್ಷದ್ದು. ತೂತು ಅದರಾಗ ಐತಿ. ನೀ ಹತ್ತ ಸಲ ಅಳಿಸಿ ಹತ್ತ ಸಲ ಹಾಕಿದ್ರೂ, ಪ್ರತೀ ಸಲ ತೂತನ್ನೂ ಸೇರಿಸಿ ಹಾಕಾಕತ್ತೀದಿ. ಲೈನ್ ಹಚ್ಚಿದ ಕೂಡ್ಲೆ ಹುಳ ಮತ್ತ ಬರತೈತಿ."

ಮನೋಹರ ಒಂದು ಕ್ಷಣ ಕೆರಳಿದ. ಹದಿನೈದು ವರ್ಷ ಇದೇ ಕೆಲಸ ಮಾಡಿದವನು. "ನಿಮಗ ಯಾರು ಹೇಳಿದ್ರು ಅಕ್ಕಾರ?"

"ಯಾರೂ ಹೇಳಿಲ್ಲ. ಟೆಸ್ಟ್ ಮಾಡೇನಿ." ನೋಟುಬುಕ್ಕು ತೆರೆದು ಅವನ ಮುಂದಿಟ್ಟಳು. ವೇಳೆ, ವಾಯರು ಎಲ್ಲಿತ್ತು, ಏನಾಯಿತು, ಎಲ್ಲವೂ ಅದರಲ್ಲಿತ್ತು. ಮನೋಹರ ನಿಂತೇ ಓದಿದ. ಮೊದಲ ಪುಟ ಮುಗಿಸಿ ಎರಡನೆಯದಕ್ಕೆ ಹೋದ. ಆಮೇಲೆ ಒಂದು ಕುರ್ಚಿಯ ಮೇಲಿದ್ದ ಸಿಪಿಯು ಇಳಿಸಿ, ಧೂಳು ಒರೆಸಿದ.

"ಕುಂದರ್ರಿ ಅಕ್ಕಾರ. ಒಂದ ಮಾಡಿ ತೋರಸ್ರಿ."

ತೋರಿಸಿದಳು. ಎರಡನೆಯದನ್ನು ಮನೋಹರ ಮಾಡಿದ, ಆಕೆ ನೋಡಿದಳು. ಸಂಜೆಯ ಹೊತ್ತಿಗೆ ಹನ್ನೊಂದು ಕಂಪ್ಯೂಟರು, ಒಂದರಲ್ಲೂ ಒಂದು ಫೈಲು ಹೋಗದೆ, ಎದ್ದು ನಿಂತವು. ಮನೋಹರ ಗಿರಾಕಿಗಳಿಗೆ ಅದು ತನ್ನ ಕೆಲಸವೆಂದು ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಲಿಲ್ಲ. ಬಂದವರಿಗೆಲ್ಲ ಕುರ್ಚಿಯ ಕಡೆ ಕೈ ತೋರಿಸಿ, "ಅವರಿಗೆ ಕೇಳ್ರಿ," ಎಂದ. ಅದನ್ನು ಹೊಳಿಯವ್ವ ಮುಂದೆ ಎಷ್ಟೋ ಜನರಿಗೆ ಹೇಳಿದ್ದಾಳೆ. ತನ್ನ ಜಾಣತನಕ್ಕಿಂತ ಮನೋಹರನ ಆ ಮಾತನ್ನೇ ದೊಡ್ಡದು ಮಾಡಿ.

ಎರಡು ದಿನ ಬಿಟ್ಟು ಹಾವೇರಿಯಿಂದ ಜುಬೇದಾಳ ಫೋನ್ ಬಂತು. ಆಕೆಯೂ ನಿವೃತ್ತಳಾಗಿ ಮನೆಯಲ್ಲಿದ್ದಳು.

"ಹೊಳಿಯಕ್ಕ, ನಮ್ಮನ್ಯಾಗಿನ ಕಂಪ್ಯೂಟರ್ ಹುಚ್ಚ ಹಿಡದಂಗ ಮಾಡಾಕತ್ತೈತಿ. ಅರವತ್ತ ಎಣಸತೈತಿ, ಆರತೈತಿ."

"ವಾಯರ್ ಕಿತ್ತು ಇಡು. ಯಾರರೆ ಫಾರ್ಮ್ಯಾಟ್ ಅಂದ್ರ ಬ್ಯಾಡ ಅನ್ನು. ನಾಳೆ ಬರತೇನಿ."

"ನೀನಾ ಬರ್ತೀಯಾ? ನಿನಗ ಬರತೈತೇನು ಅದು?"

"ಬಂದ ಮ್ಯಾಲೆ ನೋಡೀಯಂತ," ಎಂದಳು ಹೊಳಿಯವ್ವ. ದನಿಯಲ್ಲಿದ್ದ ಜಂಬವನ್ನು ಅಡಗಿಸುವ ಗೋಜಿಗೆ ಹೋಗಲಿಲ್ಲ.

ಮರುದಿನ ಎಂಟೂವರೆಯ ಬಸ್ಸಿಗೆ ಹೊರಟಳು. ಚೀಲದಲ್ಲಿ ನಾಲ್ಕು ಫ್ಲಾಪಿ, ನೋಟುಬುಕ್ಕು, ಜುಬೇದಾಳಿಗೆಂದು ಕಟ್ಟಿಕೊಂಡ ಶೇಂಗಾ ಹೋಳಿಗೆ. ಹಾವೇರಿಯಲ್ಲಿ ಜುಬೇದಾಳ ಮನೆಯ ಕಂಪ್ಯೂಟರು ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ವಕೀಲರು ಬಂದರು, ಅವರ ಹಿಂದೆ ಎದುರು ಮನೆಯ ಮಾಸ್ತರು. ಜುಬೇದಾ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಹೆಮ್ಮೆಯಿಂದ, "ನಮ್ಮ ಎಕ್ಸ್‌ಚೇಂಜಿನವಳು!" ಎಂದು ಪರಿಚಯಿಸುತ್ತಿದ್ದಳು. ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಕುಳಿತು ಊಟ ಮಾಡುವಾಗ, ಬೋರ್ಡು ಕಿತ್ತು ಲಾರಿಗೆ ಹೇರಿಕೊಂಡು ಹೋದ ದಿನ ತಾವು ಅತ್ತದ್ದನ್ನು ನೆನೆಸಿಕೊಂಡರು.

"ಅವತ್ತ ಅನಿಸಿತ್ತಲ್ಲಕ್ಕ, ಇನ್ನ ಮಶೀನಿನ ಕಾಲ, ನಮ್ಮನ್ನ ಯಾರು ಕೇಳ್ತಾರಂತ," ಎಂದಳು ಜುಬೇದಾ.

"ಮಶೀನಿಗೆ ಏನಾಗೇತಿ ಅಂತ ಕೇಳೂ ಮನಶ್ಯಾ ಬೇಕಾಗತಾನಲ್ಲ," ಎಂದಳು ಹೊಳಿಯವ್ವ, ಹೋಳಿಗೆ ಮುರಿಯುತ್ತ.

ಆ ತಿಂಗಳು ಮುಗಿಯುವುದರೊಳಗೆ ಮೂರೂ ಊರಿನಲ್ಲಿ ಆಕೆ ಕೈಯಾರೆ ಸರಿಮಾಡಿದ ಮನೆಯ ಕಂಪ್ಯೂಟರುಗಳು ಇಪ್ಪತ್ತಾರು. ಯಾರಾದರೂ ಏನು ಕೊಡಬೇಕೆಂದು ಕೇಳಿದರೆ, "ನಿಮ್ಮ ರಕ್ತದ ಗುಂಪು ಯಾವುದು?" ಎಂದು ಕೇಳಿ, ಹೆಸರು ನಂಬರು ಬರೆದುಕೊಂಡು ಬರುತ್ತಿದ್ದಳು. ಹಾವೇರಿಯ ವಕೀಲರದು ಎ ನೆಗೆಟಿವ್. ಆ ಗುಂಪಿನಲ್ಲಿ ಅವರು ಏಳನೆಯವರು.

ಎಲ್ಲ ಕಡೆ ತಾನೇ ಹೋಗಲಾಗದೆಂದು ಹೊಳಿಯವ್ವ ಏನೇನು ಮಾಡಬೇಕೆಂಬುದನ್ನು ಸರಳ ಕನ್ನಡದಲ್ಲಿ ಒಂದೇ ಪುಟಕ್ಕೆ ಟೈಪು ಮಾಡಿದಳು. ಮೊದಲ ಸಾಲು: ಮೊದಲು ಫೋನಿನ ವಾಯರು ತೆಗೆಯಿರಿ, ಗಾಬರಿಯಾಗಬೇಡಿ. ಮನೋಹರ ಅದರ ನೂರು ಝೆರಾಕ್ಸ್ ತೆಗೆಸಿ, ಒಂದನ್ನು ಅಂಗಡಿಯ ಗಾಜಿಗೆ ಅಂಟಿಸಿ, ಉಳಿದದ್ದನ್ನು ಬ್ಯಾಡಗಿ ಹಾವೇರಿಯ ಅಂಗಡಿಗಳಿಗೆ ಕಳಿಸಿದ. ಪುಟದ ಕೆಳಗೆ ತಾನೇ ಒಂದು ಸಾಲು ಸೇರಿಸಿದ್ದ: ಬರೆದವರು ಶ್ರೀಮತಿ ಹೊಳಿಯವ್ವ, ನಿವೃತ್ತ ಟೆಲಿಫೋನ್ ಆಪರೇಟರ್, ರಾಣೆಬೆನ್ನೂರು.

ಲಕ್ಕಪ್ಪ ತರಕಾರಿ ಸಂತೆಗೆ ಹೋದಾಗಲೆಲ್ಲ ಅಂಗಡಿಯ ಮುಂದೆ ಒಂದಿಷ್ಟು ಹೊತ್ತು ನಿಂತು, ಯಾರಾದರೂ ಆ ಪುಟವನ್ನು ಓದುತ್ತಿದ್ದಾರೆಯೇ ಎಂದು ನೋಡಿ ಬರುತ್ತಿದ್ದ. ಓದುವವರಿದ್ದರೆ ಪಕ್ಕದಲ್ಲಿ ನಿಂತು, ಕೇಳದಿದ್ದರೂ, "ನಮ್ಮ ಮನಿಯಾಕಿ," ಎನ್ನುತ್ತಿದ್ದ.